ಹನ್ನೆರಡು ತಿಂಗಳ ಸಂಬಳ

ಪ್ರತಿ ಸೆಮಿಸ್ಟರ್ ಮುಗಿಯುವಾಗ ಒಂದು ಪ್ರಶ್ನೆ ಬರುತ್ತದೆ. ಕೊನೆಯ ಪ್ರಾಕ್ಟಿಕಲ್ ದಿನ ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಎಲ್ಲರೂ ಹೊರಡುತ್ತಾರೆ. ಯಾರೋ ಒಬ್ಬರು ಮಾತ್ರ ಲ್ಯಾಬ್ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ. “ಸರ್, ಮುಂದಿನ ಸೆಮ್‌ಗೂ ನೀವೇ ಬರ್ತೀರಾ?”

ಹನ್ನೊಂದು ವರ್ಷದಿಂದ ನನ್ನ ಉತ್ತರ ಒಂದೇ. “ನೋಡೋಣ.”

ಈ ಸಲ ಕೇಳಿದ್ದು ಒಬ್ಬ ಹುಡುಗಿ. ಅವಳ ಊರಿಂದ ಬೆಳಿಗ್ಗೆ ಬರುವುದು ಒಂದೇ ಬಸ್ಸು. ಅದು ಏಳೂಕಾಲಿಗೆ ಹೊರಡುತ್ತದೆ, ಹಾಗಾಗಿ ಕಾಲೇಜಿನ ಗೇಟು ತೆಗೆಯುವ ಮೊದಲೇ ಬಂದು ಕಟ್ಟೆ ಮೇಲೆ ಕೂತಿರುತ್ತಾಳೆ. ಹೈಸ್ಕೂಲು ತನಕ ಕನ್ನಡ ಮಾಧ್ಯಮ. ಬಿ.ಎಸ್ಸಿ. ಮೊದಲ ವರ್ಷ ಇಂಗ್ಲಿಷ್ ಪುಸ್ತಕ ನೋಡಿ ಬಿಟ್ಟು ಹೋಗುತ್ತೇನೆ ಅಂದಿದ್ದಳು. ಈಗ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರನ್ನು ನನಗಿಂತ ಬೇಗ ಹೊಂದಿಸುತ್ತಾಳೆ. ಅವಳಿಗೂ “ನೋಡೋಣಮ್ಮ” ಅಂದೆ. ಆದರೆ ಆಗಲೇ ನನಗೆ ಉತ್ತರ ಗೊತ್ತಿತ್ತು. ನಾನು ಬರುವುದಿಲ್ಲ. ಮಾಲ್ಡೀವ್ಸಿನ ಉತ್ತರ ತುದಿಯ ಒಂದು ಸಣ್ಣ ದ್ವೀಪದ ಶಾಲೆಯಿಂದ ಬಂದ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಸಹಿ ಮಾಡಿರಲಿಲ್ಲ, ಅಷ್ಟೆ.

ನಾನು ತಿಪಟೂರು ಕಡೆಯವನು. ಪಕ್ಕದ ತಾಲೂಕಿನ ಸರಕಾರಿ ಪದವಿ ಕಾಲೇಜೊಂದರಲ್ಲಿ 2014ರಿಂದ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಉಪನ್ಯಾಸಕ ಅಂದರೆ ಏನು ಅಂತ ನಮ್ಮ ಕಡೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಮನೆಯ ನೆಂಟರಲ್ಲಿ ಒಬ್ಬರಾದರೂ ಇರುತ್ತಾರೆ. ಪ್ರತಿ ವರ್ಷ ಹೊಸದಾಗಿ ಅರ್ಜಿ. ಪ್ರತಿ ವರ್ಷ ಕೌನ್ಸೆಲಿಂಗ್. ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ನಮ್ಮ ವರ್ಕ್‌ಲೋಡ್ ಹೋಯಿತು. ಸೆಮಿಸ್ಟರ್ ಮುಗಿದರೆ ಬಿಡುಗಡೆ. ನಮಗೆ ಬರುವ ದುಡ್ಡಿಗೆ ಸಂಬಳ ಅಂತ ಹೆಸರಿಲ್ಲ, ಗೌರವಧನ ಅನ್ನುತ್ತಾರೆ. ತರಗತಿ ಇಲ್ಲದ ತಿಂಗಳು ಅದೂ ಇಲ್ಲ.

ದುಡ್ಡು ಕಮ್ಮಿ ಎಂಬುದೊಂದೇ ಕಾರಣವಾಗಿದ್ದರೆ ನಾನು ಎಂದೋ ಬಿಟ್ಟು ಹೋಗುತ್ತಿದ್ದೆ. ಮೊದಲು ನೆಟ್, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾದವರಿಗೆ, ಪಿಎಚ್.ಡಿ. ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ಇತ್ತು. 2022ರ ಜನವರಿಯಲ್ಲಿ ಅದು ಅರ್ಹತೆ, ಅನುಭವ ನೋಡಿ 26,000ದಿಂದ 32,000ದ ತನಕ ಆಯಿತು. 2023ರ ನವೆಂಬರ್ ಕೊನೆಯಲ್ಲಿ ಖಾಯಮಾತಿ ಬೇಕು ಅಂತ ರಾಜ್ಯದ ತುಂಬ ತರಗತಿ ಬಹಿಷ್ಕರಿಸಿ ಕೂತೆವು. ಹೊಸ ವರ್ಷಕ್ಕೆ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದೆವು. ಆಗ ಇನ್ನಷ್ಟು ಸೇರಿಸಿದರು. ಖಾಯಮಾತಿ ಮಾತ್ರ ಆಗಲಿಲ್ಲ. ಆ ನಡಿಗೆಯಲ್ಲಿ ನನ್ನ ಪಕ್ಕ ನಡೆಯುತ್ತಿದ್ದವರಿಗೆ ಐವತ್ತಾರು ವರ್ಷ. ಕನ್ನಡ ಪಾಠ ಮಾಡುತ್ತಿದ್ದರು. ದಾಬಸ್‌ಪೇಟೆ ಹತ್ತಿರ ರಸ್ತೆ ಬದಿ ಚಪ್ಪಲಿ ಬಿಚ್ಚಿ ಕಾಲು ನೋಡಿಕೊಂಡರು. ಹಿಮ್ಮಡಿ ಒಡೆದಿತ್ತು. “ನನಗೆ ಖಾಯಂ ಆದರೂ ಇನ್ನು ನಾಲ್ಕು ವರ್ಷ. ಆದರೂ ಒಂದು ದಿನ ಆಗಬೇಕು ಕಣ್ರೀ, ಒಂದು ದಿನ” ಅಂದರು. ಆ ‘ಒಂದು ದಿನ’ ಇವತ್ತಿಗೂ ನನ್ನ ಕಿವಿಯಲ್ಲಿದೆ.

2022ರ ಮಾರ್ಚಿನಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಪರೀಕ್ಷೆ ನಡೆಯಿತು. ನಾನೂ ಬರೆದೆ. ಸ್ವಲ್ಪದರಲ್ಲಿ ತಪ್ಪಿತು. ಮುಂದಿನದು ಬರುವ ಹೊತ್ತಿಗೆ ನನ್ನ ವಯಸ್ಸು ಮೀರಿರುತ್ತದೆ.

ನಿರ್ಧಾರ ಶುರುವಾದದ್ದು ಒಂದು ಡೈರಿಯಿಂದ. ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಬ್ಲೌಸಿನ ಅಳತೆ, ಬರಬೇಕಾದ ಬಾಕಿ, ಹಾಲಿನ ಲೆಕ್ಕ ಎಲ್ಲ ಎಲ್‌ಐಸಿ ಡೈರಿಯಲ್ಲಿ ಬರೆದಿಡುತ್ತಾಳೆ. ಹೋದ ಯುಗಾದಿಗೆ ಬೀರು ತೆಗೆದು ಒರೆಸುವಾಗ ಹಳೆಯ ಡೈರಿಗಳೆಲ್ಲ ಹೊರಗೆ ಬಂದವು. ಅವಳು ಅವನ್ನು ಸುಮ್ನೆ ತಿರುವುತ್ತಾ ಕೂತಳು. ಪ್ರತಿ ತಿಂಗಳ ಮೊದಲ ಪುಟದ ಮೇಲೆ ನೀಲಿ ಇಂಕಿನಲ್ಲಿ ‘ಬಂತು’ ಅಂತ ಬರೆದಿರುತ್ತಿದ್ದಳು. ಬರದ ತಿಂಗಳು ಖಾಲಿ. ಹನ್ನೊಂದು ಡೈರಿ, 132 ತಿಂಗಳು. ಎಣಿಸಿದಳು. ‘ಬಂತು’ ಇದ್ದದ್ದು 98ರಲ್ಲಿ.

ಉಳಿದ 34 ತಿಂಗಳಲ್ಲಿ ಏನೇನಾಯಿತು ಅಂತ ಇಬ್ಬರೂ ನೆನೆಸಿಕೊಂಡೆವು. ಒಂದರಲ್ಲಿ ಅವಳ ಸರ ಅಡವಿಟ್ಟೆವು. ಒಂದರಲ್ಲಿ ಮಗಳ ಶಾಲೆ ಫೀಸಿಗೆ ಅವಳ ತಮ್ಮನ ಹತ್ತಿರ ಕೈ ಸಾಲ ತಂದೆವು. ಅಪ್ಪ ತೀರಿಕೊಂಡದ್ದೂ ಅಂಥದೇ ಒಂದು ಖಾಲಿ ತಿಂಗಳಲ್ಲಿ. ಅವಳು ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಡೈರಿಗಳನ್ನು ಜೋಡಿಸಿ ಕಟ್ಟುತ್ತಾ ಹೇಳಿದಳು. “ರೀ, ಜಾಸ್ತಿ ಬೇಡ. ವರ್ಷಕ್ಕೆ ಹನ್ನೆರಡು ಸಲ ಬರಬೇಕು. ಅಷ್ಟೇ.”

ಮಾಲ್ಡೀವ್ಸ್ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ನೀರಿನ ಮೇಲೆ ಕಟ್ಟಿದ ಹೋಟೆಲು, ಹನಿಮೂನಿನ ಫೋಟೋ. ಆ ದೇಶದ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ನಮ್ಮ ದೇಶದ ಮೇಷ್ಟ್ರುಗಳು ಪಾಠ ಮಾಡುತ್ತಿದ್ದಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಕೇರಳ, ತಮಿಳುನಾಡಿನವರು ಜಾಸ್ತಿ. ಅಲ್ಲಿ ಸುಮಾರು 1,190 ದ್ವೀಪಗಳಿವೆ. ಜನ ಇರುವುದು ಅದರಲ್ಲಿ ಇನ್ನೂರರ ಹತ್ತಿರದಷ್ಟರಲ್ಲಿ. ಸಾವಿರ ಜನರ ದ್ವೀಪಕ್ಕೂ ಒಂದು ಶಾಲೆ ಬೇಕು, ಆ ಶಾಲೆಗೊಬ್ಬ ಫಿಸಿಕ್ಸ್ ಮೇಷ್ಟ್ರು ಬೇಕು. ಮಕ್ಕಳು ಕೇಂಬ್ರಿಡ್ಜ್ ಪರೀಕ್ಷೆಗೆ ಕೂರುತ್ತಾರೆ, ಪಾಠ ಇಂಗ್ಲಿಷಿನಲ್ಲಿ. ದೂರದ ದ್ವೀಪಕ್ಕೆ ರಾಜಧಾನಿ ಮಾಲೆಯವರೇ ಸುಲಭವಾಗಿ ಹೋಗುವುದಿಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ? ಪಾವಗಡಕ್ಕೆ ಹಾಕಿದರೆ ಎಷ್ಟು ಜನ ಓಡಿ ಹೋಗುತ್ತಾರೆ?

ಮೊದಲು ಒಬ್ಬ ಏಜೆಂಟಿನ ಹತ್ತಿರ ಹೋದೆ. ಒಂದೂವರೆ ಲಕ್ಷ ಕೇಳಿದ. ನೋಂದಣಿಯಾದ ಏಜೆಂಟರು ಸೇವೆಗೆಂದು 30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ ನಮ್ಮ ದೇಶದ ನಿಯಮವೇ ಇದೆ. ಯಾರಾದರೂ ಹೊರಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ನೆನಪಿಡಿ. ಏಜೆಂಟ್ ನೋಂದಣಿಯಾಗಿದ್ದಾನೋ ಇಲ್ಲವೋ ಎಂದು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನಾನು ಎದ್ದು ಬಂದೆ. ಆಮೇಲೆ ಅಲ್ಲಿನ ಸರಕಾರದ ಗೆಜೆಟ್ ಜಾಲತಾಣದಲ್ಲಿ ಶಾಲೆಗಳ ಜಾಹೀರಾತು ಹುಡುಕಿ ನೇರವಾಗಿ ಅರ್ಜಿ ಹಾಕಿದೆ. ಏಳು ಶಾಲೆಗೆ ಹಾಕಿದ್ದರಲ್ಲಿ ಎರಡರಿಂದ ಉತ್ತರ ಬಂತು.

ಸಂದರ್ಶನ ಫೋನಿನಲ್ಲೇ, ವಿಡಿಯೋ ಕಾಲ್. ಹತ್ತು ನಿಮಿಷ ಡೆಮೊ ಪಾಠ ಮಾಡಬೇಕು, ವಿಷಯ ನಿಮ್ಮದೇ ಆಯ್ಕೆ ಅಂದಿದ್ದರು. ಹಿಂದಿನ ರಾತ್ರಿ ಪವರ್‌ಪಾಯಿಂಟ್ ಮಾಡಿಕೊಂಡು ಕೂತಿದ್ದೆ. ಬೆಳಿಗ್ಗೆ ಯಾಕೋ ಅದು ಬೇಡ ಅನ್ನಿಸಿತು. ಅಟ್ಟ ಹತ್ತಿ ಎರಡು ಕಾಯಿ ಇಳಿಸಿದೆ. ಒಂದು ಹಿಂದಿನ ವಾರ ಕೆಡವಿದ್ದು. ಇನ್ನೊಂದು ಅಟ್ಟದ ಮೇಲೇ ಹನ್ನೊಂದು ತಿಂಗಳು ಒಣಗಿದ್ದು. ಎರಡನ್ನೂ ಸುಲಿದೆ. ಸ್ನಾನದ ಮನೆಯ ಕೆಂಪು ಬಕೆಟ್ಟಿಗೆ ನೀರು ತುಂಬಿ ಮೊಬೈಲ್ ಮುಂದಿಟ್ಟೆ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಉಂಡೆ ಕೊಬ್ಬರಿಯನ್ನು ನಾವು ಬಿಸಿಲಿಗೆ ಹರವಿ ಮಾಡುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನೆ ಬಿಡುತ್ತೇವೆ. ಹತ್ತು, ಹನ್ನೊಂದು, ಕೆಲವಕ್ಕೆ ಹನ್ನೆರಡು ತಿಂಗಳು. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ. ತಿರುಳು ಒಣಗಿ ಚಿಪ್ಪಿನಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಹೊಸ ಕಾಯಿಯಲ್ಲಿ ನೀರಿನ ಸದ್ದು, ಹಳೆಯದರಲ್ಲಿ ಗಟಗಟ ಅನ್ನುವ ಉಂಡೆಯ ಸದ್ದು. ನನ್ನ ಅಮ್ಮ ಅಲ್ಲಾಡಿಸಿದ ತಕ್ಷಣ ಇದಕ್ಕಿನ್ನು ಎಷ್ಟು ದಿನ ಬೇಕು ಅಂತ ಹೇಳುತ್ತಾಳೆ.

ಎರಡೂ ಕಾಯಿಯನ್ನು ಬಕೆಟ್ಟಿಗೆ ಬಿಟ್ಟೆ. ಹೊಸದು ಮುಕ್ಕಾಲು ಮುಳುಗಿ ತೇಲಿತು. ಒಣಗಿದ್ದು ನೀರಿನ ಮೇಲೆ ಎದ್ದು ನಿಂತಿತು. ಹೊರಗಿನ ಗಾತ್ರ ಹೆಚ್ಚು ಕಮ್ಮಿ ಒಂದೇ, ತೂಕ ಬೇರೆ. ಅಲ್ಲಿಂದ ಸಾಂದ್ರತೆಗೆ ಬಂದೆ, ಅಲ್ಲಿಂದ ಉಪ್ಪುನೀರಿಗೆ, ಉಪ್ಪುನೀರಿನಲ್ಲಿ ಇದೇ ಕಾಯಿ ಇನ್ನೂ ಸ್ವಲ್ಪ ಮೇಲೇಳುವುದಕ್ಕೆ, ಸಿಪ್ಪೆ ಇದ್ದ ಕಾಯಿ ಸಮುದ್ರ ದಾಟಿ ಬೇರೆ ದ್ವೀಪದಲ್ಲಿ ಮೊಳೆಯುವುದಕ್ಕೆ. ಹತ್ತು ನಿಮಿಷ ಇಪ್ಪತ್ತಾಯಿತು. ಪರದೆಯಲ್ಲಿ ಮೂವರಿದ್ದರು. ವಿಜ್ಞಾನ ವಿಭಾಗದ ಮುಖ್ಯಸ್ಥೆ, ತಲೆಗೆ ತಿಳಿನೀಲಿ ವಸ್ತ್ರ ಸುತ್ತಿದ್ದ ಮೇಡಂ, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನಮ್ಮ ಮಕ್ಕಳು ದಿನಾ ಕಾಯಿ ತೇಲುವುದನ್ನು ನೋಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಮರದ ತುಂಡಿನ ಉದಾಹರಣೆ ಬರೆಯುತ್ತಾರೆ” ಅಂದರು. ನನಗೆ ಅವರ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು. ನಮ್ಮ ಮಕ್ಕಳೂ ಹಾಗೆಯೇ ಬರೆಯುತ್ತಾರೆ.

ಕಾಗದ ಬಂತು. ಎರಡು ವರ್ಷದ ಕರಾರು. ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 75,000, ಇರುವುದಕ್ಕೆ ಬೇರೆ ಭತ್ಯೆ. ಇದನ್ನೆಲ್ಲ ನಾನು ಬೇಗ ಓದಿ ಮುಗಿಸಿದೆ. ಮತ್ತೆ ಮತ್ತೆ ಓದಿದ್ದು ಒಂದೇ ಸಾಲು. ಶಾಲೆಯ ರಜೆಯ ಅವಧಿಯಲ್ಲೂ ಸಂಬಳ ಕೊಡಲಾಗುವುದು ಎಂಬ ಸಾಲು. ಅಡುಗೆಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ. ಅವಳು ಕೈ ಒರೆಸಿಕೊಂಡು, ಇಂಗ್ಲಿಷನ್ನು ಒಂದೊಂದೇ ಪದವಾಗಿ ಓದಿ, ಅದೇ ಸಾಲಿನ ಮೇಲೆ ಬೆರಳಿಟ್ಟಳು.

ಆದರೂ ಸಹಿ ಮಾಡುವುದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು.

ಮೊದಲ ಕಾರಣ ಮಗಳು. ಈಗ ಒಂಬತ್ತು ಮುಗಿಸಿದ್ದಾಳೆ, ಮುಂದೆ ಎಸ್ಸೆಸ್ಸೆಲ್ಸಿ. ಊರ ಮಕ್ಕಳಿಗೆಲ್ಲ ಪಾಠ ಹೇಳಿದವನು ನನ್ನ ಮಗಳ ಹತ್ತನೇ ಕ್ಲಾಸಿಗೆ ಮನೆಯಲ್ಲಿ ಇರುವುದಿಲ್ಲ. ಇದನ್ನು ಹೇಗೆ ತಿರುಗಿಸಿ ನೋಡಿದರೂ ಸರಿ ಹೋಗಲಿಲ್ಲ. ಈಗಲೂ ಸರಿ ಹೋಗಿಲ್ಲ. ಅವಳನ್ನೇ ಕೇಳಿದೆ. ತುಂಬ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದಳು. “ಅಲ್ಲಿ ಟೈಮ್ ಎಷ್ಟು ವ್ಯತ್ಯಾಸ ಅಪ್ಪ?” ಅಂದಳು. ನಮಗಿಂತ ಅರ್ಧ ಗಂಟೆ ಹಿಂದೆ ಅಂದೆ. “ಹಾಗಾದ್ರೆ ನಮಗೆ ಎಂಟು ಗಂಟೆ ಅಂದ್ರೆ ನಿನಗೆ ಏಳೂವರೆ. ದಿನಾ ಎಂಟಕ್ಕೆ. ಬೆಳಕಿನ ಪಾಠ ನೀನೇ ಮಾಡ್ಬೇಕು, ನಮ್ ಮಿಸ್ಸು ಬೇಗ ಬೇಗ ಓಡಿಸ್ತಾರೆ.” ಅಷ್ಟು ಹೇಳಿ ಎದ್ದು ಹೋದಳು. ಬಚ್ಚಲ ಮನೆಯಲ್ಲಿ ನಲ್ಲಿ ತುಂಬ ಹೊತ್ತು ಬಿಟ್ಟಿತ್ತು.

ಅಮ್ಮನ ಚಿಂತೆ ಬೇರೆ. ಎಪ್ಪತ್ತೊಂದು ವರ್ಷ ಅವಳಿಗೆ. ಸಮುದ್ರ ನೋಡಿದ್ದು ಒಮ್ಮೆ, ಗೋಕರ್ಣದಲ್ಲಿ. ಟಿವಿಯಲ್ಲಿ ನೋಡಿದ ಸುನಾಮಿ ಅವಳ ತಲೆಯಿಂದ ಹೋಗಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. 2004ರ ಡಿಸೆಂಬರ್ 26ರಂದು ಅಲ್ಲೂ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಇಡೀ ದೇಶದಲ್ಲಿ ನೆಲದ ಅತಿ ಎತ್ತರದ ಜಾಗವೂ ಸಮುದ್ರ ಮಟ್ಟದಿಂದ ಕೆಲವೇ ಮೀಟರ್ ಮೇಲೆ. ನಮ್ಮ ತಿಪಟೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ. ಇದೊಂದು ವಿಷಯ ನನ್ನೊಳಗಿನ ಮೇಷ್ಟ್ರನ್ನು ಬೇರೆ ರೀತಿ ಎಳೆಯಿತು ಅಂತ ಹೇಳಲೇಬೇಕು. ನಮ್ಮ ಲ್ಯಾಬಿನಲ್ಲಿ ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟರೆ 97ಕ್ಕೇ ನಿಲ್ಲುತ್ತದೆ. ಪ್ರತಿ ವರ್ಷ ಯಾರಾದರೂ “ಸರ್, ಥರ್ಮಾಮೀಟರ್ ಕೆಟ್ಟಿದೆ” ಅನ್ನುತ್ತಾರೆ. ರೆಕಾರ್ಡಿನಲ್ಲಿ ಮಾತ್ರ 100 ಅಂತ ಬರೆದುಬಿಡುತ್ತಾರೆ. ನಾನು ಅಳಿಸಿ 97 ಬರೆಸುತ್ತೇನೆ. ಕಂಡದ್ದನ್ನು ಬರೀರಪ್ಪ, ಕೆಟ್ಟಿಲ್ಲ ಅದು, ನಾವು ಎತ್ತರದಲ್ಲಿದ್ದೇವೆ ಅನ್ನುತ್ತೇನೆ. ಇನ್ನು ಮೇಲೆ ನನ್ನ ಮುಂದೆ ನೀರು ನೂರಕ್ಕೇ ಕುದಿಯುತ್ತದೆ. ಆ ಮಕ್ಕಳಿಗೆ ನಮ್ಮ ಊರಿನ 97ರ ಕತೆ ಹೇಳಬೇಕು.

ಅಮ್ಮನಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕಾಯಿತು. ಅವಳು ನನ್ನ ಬ್ಯಾಗಿಗೆಂದು ಹಿತ್ತಾಳೆಯ ಸಣ್ಣ ಗಣಪತಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹಳದಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಮಾಲ್ಡೀವ್ಸಿನಲ್ಲಿ ಪೂಜೆಯ ವಿಗ್ರಹ ತರುವುದಕ್ಕೆ ಅವಕಾಶವಿಲ್ಲ. ಅದು ಆ ದೇಶದ ಕಾನೂನು. ಅಲ್ಲಿನ ಸಂವಿಧಾನದ ಪ್ರಕಾರ ಇಸ್ಲಾಂ ರಾಷ್ಟ್ರಧರ್ಮ, ಪೌರರೆಲ್ಲ ಮುಸ್ಲಿಮರೇ. ನಾವು ಇನ್ನೊಬ್ಬರ ಮನೆಗೆ ಕೆಲಸಕ್ಕೆ ಹೋಗುವಾಗ ಆ ಮನೆಯ ನಿಯಮ ಒಪ್ಪಿಕೊಂಡೇ ಹೋಗಬೇಕು ಎಂದು ನಾನು ನಂಬಿದ್ದೇನೆ. ಆದರೆ ಇದನ್ನು ಅಮ್ಮನಿಗೆ ಹೇಳುವುದು ಕಷ್ಟವಾಯಿತು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಗಣಪತಿಯನ್ನು ಬಿಚ್ಚಿ ದೇವರ ಗೂಡಿಗೆ ವಾಪಸ್ ಇಟ್ಟಳು. “ಇಲ್ಲೇ ಇರ್ಲಿ. ನೀನು ಬೆಳಿಗ್ಗೆ ಎದ್ದಾಗ ಅಲ್ಲಿಂದ ನೆನಸ್ಕೊ, ನಾನು ಇಲ್ಲಿಂದ ದೀಪ ಹಚ್ತೀನಿ” ಅಂದಳು.

ನೆಂಟರ ಮಾತೂ ಇತ್ತು. 2024ರ ಜನವರಿಯಲ್ಲಿ ಅಲ್ಲಿನ ಕೆಲವು ಉಪಮಂತ್ರಿಗಳು ನಮ್ಮ ಪ್ರಧಾನಿಯ ಬಗ್ಗೆ ಕೆಟ್ಟದಾಗಿ ಬರೆದದ್ದು, ನಮ್ಮಲ್ಲಿ ಮಾಲ್ಡೀವ್ಸ್ ಬಹಿಷ್ಕಾರದ ಕೂಗು ಎದ್ದದ್ದು, ಅದೇ ವರ್ಷ ನಮ್ಮ ಸೈನಿಕರು ಅಲ್ಲಿಂದ ವಾಪಸ್ ಬಂದದ್ದು ಎಲ್ಲರಿಗೂ ನೆನಪಿದೆ. “ಅವರ ದೇಶಕ್ಕೆ ಹೋಗಿ ದುಡಿಯೋ ಗತಿ ಬಂತಾ?” ಅಂತ ನಮ್ಮ ಭಾವ ನಾಲ್ಕು ಜನರ ಮುಂದೆ ಕೇಳಿದರು. 2025ರ ಜುಲೈಯಲ್ಲಿ ಪ್ರಧಾನಿಯವರೇ ಅವರ ಸ್ವಾತಂತ್ರ್ಯದ ಅರವತ್ತನೇ ವರ್ಷದ ಹಬ್ಬಕ್ಕೆ ಮಾಲೆಗೆ ಹೋಗಿ ಬಂದರಲ್ಲ ಭಾವ ಅಂದೆ. ಆದರೆ ನನ್ನ ನಿಜವಾದ ಉತ್ತರ ಅದಲ್ಲ. ಹದಿನಾಲ್ಕು ವರ್ಷದ ಮಗುವೊಂದು ಬೆಂಚಿನಲ್ಲಿ ಕೂತು ವಕ್ರೀಭವನ ಅರ್ಥ ಆಗಲಿಲ್ಲ ಅಂತ ಕೈ ಎತ್ತಿದರೆ ಅದು ಯಾವ ದೇಶದ ಮಗು ಅಂತ ನಾನು ಕೇಳಲಾರೆ. ಅದು ನನ್ನಿಂದ ಆಗುವುದಿಲ್ಲ.

ಅಲ್ಲಿ ಈಗಾಗಲೇ ಕೆಲಸದಲ್ಲಿರುವ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿದೆ. ಮುಚ್ಚುಮರೆಯಿಲ್ಲದೆ ಹೇಳಿದರು. ಸಂಬಳ ಅಲ್ಲಿನ ನಾಣ್ಯವಾದ ರುಫಿಯಾದಲ್ಲಿ ಬರುತ್ತದೆ. ಡಾಲರಿನ ಕೊರತೆ ಇರುವುದರಿಂದ ತಿಂಗಳಿಗೆ ಇಷ್ಟೇ ಕಳಿಸಬಹುದು ಅಂತ ಬ್ಯಾಂಕುಗಳು ಮಿತಿ ಹಾಕಿವೆ. ದುಡಿದದ್ದೆಲ್ಲ ಆಯಾ ತಿಂಗಳೇ ಊರಿಗೆ ಮುಟ್ಟುತ್ತದೆ ಅಂದುಕೊಳ್ಳಬೇಡಿ ಅಂದರು. ತರಕಾರಿ ದೋಣಿಯಲ್ಲಿ ಬರಬೇಕು. ಗಾಳಿ ಮಳೆ ಜೋರಾದರೆ ಒಂದು ವಾರ ಟೊಮೆಟೊ ಕಣ್ಣಿಗೆ ಬೀಳುವುದಿಲ್ಲ. ಒಂಟಿತನ ಮೂರನೇ ತಿಂಗಳಿಂದ ಶುರುವಾಗುತ್ತದೆ, ಮೊದಲ ತಿಂಗಳಲ್ಲಲ್ಲ. ಈ ಕೊನೆಯ ಮಾತನ್ನು ನಾನು ಬರೆದಿಟ್ಟುಕೊಂಡೆ.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎಂಬತ್ತು ದಾಟಿದೆ. 1970ರ ದಶಕದಲ್ಲಿ ಇಥಿಯೋಪಿಯಾಕ್ಕೆ ಹೋಗಿ ಕೆಮಿಸ್ಟ್ರಿ ಪಾಠ ಮಾಡಿದವರು. ಆ ಕಾಲಕ್ಕೆ ನಮ್ಮ ದೇಶದ ಎಷ್ಟೋ ಶಿಕ್ಷಕರು ಅಲ್ಲಿ ಹಳ್ಳಿ ಹಳ್ಳಿಯ ಶಾಲೆಗಳಲ್ಲಿದ್ದರು. ಚಕ್ರವರ್ತಿ ಹೈಲೆ ಸೆಲಾಸಿಯನ್ನು 1974ರಲ್ಲಿ ಇಳಿಸಿದಾಗ ಇವರು ಅಲ್ಲೇ ಇದ್ದರು. ಸಂಜೆ ಹೋಗಿ ಕೂತೆ. ಅವರು ಮೊದಲು ಹೇಳಿದ್ದು ತಿಂಗಳ ವಿಷಯವೇ. “ಅಲ್ಲಿ ವರ್ಷಕ್ಕೆ ಹದಿಮೂರು ತಿಂಗಳು ಕಣಪ್ಪ. ಮೂವತ್ತು ದಿನದ ಹನ್ನೆರಡು. ಕೊನೆಗೆ ಐದೋ ಆರೋ ದಿನದ್ದು ಒಂದು ಮರಿ ತಿಂಗಳು.” ಆಮೇಲೆ ಟೆಫ್ ಅನ್ನುವ ಸಣ್ಣ ಕಾಳಿನ ಹುಳಿ ರೊಟ್ಟಿ, ನಮ್ಮ ದೋಸೆ ಥರ ಅಂದರು. ಅಮ್ಮ ತೀರಿಕೊಂಡ ತಂತಿ ಹನ್ನೆರಡು ದಿನ ತಡವಾಗಿ ಕೈ ಸೇರಿದ್ದನ್ನು ಹೇಳಿದರು. ಅದನ್ನು ಹೇಳುವಾಗ ದನಿ ಬದಲಾಗಲಿಲ್ಲ. ಕೈ ಮಾತ್ರ ಪಂಚೆಯ ಅಂಚನ್ನು ಮಡಚುತ್ತಾ ಬಿಡುತ್ತಾ ಇತ್ತು.

ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಾನು ಎದ್ದಾಗ ಒಂದು ಮಾತು ಹೇಳಿದರು. “ಹೆಸರು ಕಲಿ. ಪಾಠ ಆಮೇಲೆ. ನನಗೆ ಮೊದಲ ಆರು ತಿಂಗಳು ಒಂದು ಮಗುವಿನ ಹೆಸರೂ ನಾಲಿಗೆಗೆ ಹತ್ತಲಿಲ್ಲ. ನಂಬರ್ ಕೂಗ್ತಿದ್ದೆ. ಈಗಲೂ ಕನಸಲ್ಲಿ ಆ ಮುಖಗಳು ಬರುತ್ತವೆ. ನಂಬರೇ ಬರುತ್ತೆ, ಹೆಸರು ಬರಲ್ಲ.”

ಆ ರಾತ್ರಿಯಿಂದ ನಾನು ತಾನಾ ಲಿಪಿ ಕಲಿಯಲು ಶುರು ಮಾಡಿದೆ. ಅಲ್ಲಿನ ಭಾಷೆ ದಿವೆಹಿ. ಅದನ್ನು ಬರೆಯುವುದು ತಾನಾದಲ್ಲಿ, ಬಲದಿಂದ ಎಡಕ್ಕೆ. ಒಂದು ಸಂಗತಿ ತಿಳಿದು ನನಗೆ ತುಂಬ ಖುಷಿಯಾಯಿತು. ಆ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬಿ ಅಂಕಿಗಳಿಂದ. ಒಂದರಿಂದ ಒಂಬತ್ತು ಅಂಕಿಗಳೇ ಅಲ್ಲಿ ಅಕ್ಷರವಾಗಿವೆ. ಲೆಕ್ಕ ಮಾಡಿ ಬದುಕುವವನಿಗೆ ಇಂಥ ಲಿಪಿಯ ಮೇಲೆ ಪ್ರೀತಿ ಬಾರದೆ ಇರುತ್ತದೆಯೇ? ಇನ್ನೊಂದು, ದೋಣಿಗೆ ಅವರೂ ದೋಣಿ ಅನ್ನುತ್ತಾರೆ. ಎಳನೀರಿಗೆ ಕುರುಂಬಾ. ಬೆಳಿಗ್ಗೆ ತಿನ್ನುವ ಮಸ್ ಹುನಿ ಅಂದರೆ ತೆಂಗಿನ ತುರಿ, ಈರುಳ್ಳಿ, ಮೀನು ಕಲಸಿದ್ದು. ನಾನು ಮೀನು ತಿನ್ನುವುದಿಲ್ಲ, ಆದರೆ ತುರಿ, ಈರುಳ್ಳಿ, ನಿಂಬೆಹಣ್ಣು, ಮೆಣಸಿನಕಾಯಿ ಇದ್ದರೆ ನನ್ನ ಹೊಟ್ಟೆ ತುಂಬುತ್ತದೆ.

ಒಂದು ನೋವನ್ನು ಮಾತ್ರ ಯಾರ ಹತ್ತಿರವೂ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

ನಾನು ಒಳ್ಳೆಯ ಮೇಷ್ಟ್ರು ಅಂತ ನಾಲ್ಕು ಜನ ಹೇಳಿದ್ದರೆ ಅದಕ್ಕೆ ಕಾರಣ ಕನ್ನಡ. ನಮ್ಮ ಕಾಲೇಜಿಗೆ ಬರುವವರು ಹಳ್ಳಿ ಮಕ್ಕಳು. ಹತ್ತನೇ ಕ್ಲಾಸಿನಲ್ಲಿ ‘ವೇಗೋತ್ಕರ್ಷ’ ಅಂತ ಕಲಿತ ಮಗುವಿಗೆ ಪಿಯುಸಿಯಲ್ಲಿ ಅದೇ ವಿಷಯ ‘ಆಕ್ಸಿಲರೇಶನ್’ ಅಂತ ಇಂಗ್ಲಿಷ್ ಹೆಸರು ಹೊತ್ತು ಬಂದರೆ ಗುರುತು ಸಿಗುವುದಿಲ್ಲ. ಗೊತ್ತಿರುವುದೇ ಗೊತ್ತಿಲ್ಲದ್ದಾಗುತ್ತದೆ. ನಾನು ಮಾಡುತ್ತಿದ್ದ ಕೆಲಸ ಇಷ್ಟೇ, ಆ ಎರಡು ಹೆಸರನ್ನು ಒಂದೇ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಇವೆರಡೂ ಒಂದೇ ಕಣ್ರಮ್ಮಾ, ನಿಮಗೆ ಇದು ಮೊದಲೇ ಗೊತ್ತು ಅನ್ನುವುದು. ಬಸ್ಸು ಹೊರಡುವಾಗ ಹಿಂದಕ್ಕೆ ವಾಲುವ ಮೈ, ಬಾವಿಯ ರಾಟೆ, ಏತ, ಬುಗುರಿ. ನನ್ನ ಉದಾಹರಣೆಗಳೆಲ್ಲ ಅವರ ಊರಲ್ಲೇ ಇದ್ದವು. ಆ ದ್ವೀಪದ ಮಕ್ಕಳಿಗೂ ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು. ಅವರಿಗೂ ಇಂಥ ಒಬ್ಬರು ಬೇಕು. ಆದರೆ ಅವರ ಮನೆಯ ಭಾಷೆ ನನ್ನಲ್ಲಿಲ್ಲ. ನನ್ನ ಹತ್ತಿರ ಸದ್ಯಕ್ಕೆ ದೋಣಿ ಎಂಬ ಒಂದು ಪದ ಇದೆ.

ನಲವತ್ತಮೂರನೇ ವಯಸ್ಸಿನಲ್ಲಿ ನನ್ನ ಅತಿ ದೊಡ್ಡ ಬಲವನ್ನು ಇಲ್ಲೇ ಬಿಟ್ಟು ಹೊರಡುತ್ತಿದ್ದೇನೆ. ಏಳೂಕಾಲಿನ ಬಸ್ಸಿಗೆ ಬರುವ ಹುಡುಗಿಯಂಥವರಿಗೆ ಆ ಬಲದ ಅಗತ್ಯ ಇದೆ ಅಂತ ಗೊತ್ತಿದ್ದೂ ಹೊರಡುತ್ತಿದ್ದೇನೆ. ನನ್ನ ಜಾಗಕ್ಕೆ ಯಾರಾದರೂ ಬರುತ್ತಾರೆ. ಬಹುಶಃ ನನಗಿಂತ ಚಿಕ್ಕವರು, ಈಗಷ್ಟೇ ಎಂ.ಎಸ್ಸಿ. ಮುಗಿಸಿದವರು. ಅವರೂ ಡೈರಿಯ ಖಾಲಿ ತಿಂಗಳುಗಳನ್ನು ಎಣಿಸಲು ಶುರು ಮಾಡುತ್ತಾರೆ. ಇದನ್ನು ನೆನೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹತ್ತೊಂಬತ್ತನೇ ದಿನ ಕಾಲೇಜಿಗೆ ಹೋಗಿ ಆ ಹುಡುಗಿಯನ್ನೂ ಅವಳ ತರಗತಿಯವರನ್ನೂ ಲ್ಯಾಬಿಗೆ ಕರೆದೆ. ಬರುವುದಿಲ್ಲ ಅಂತ ಹೇಳಿದೆ. ಎಲ್ಲಿಗೆ, ಯಾಕೆ ಎಲ್ಲ ಹೇಳಿದೆ. ಡೈರಿಯ ಲೆಕ್ಕವನ್ನೂ ಹೇಳಿದೆ. ಮಕ್ಕಳ ಮುಂದೆ ಮನೆಯ ಕಷ್ಟ ಹೇಳಬಾರದು ಅನ್ನುತ್ತಾರೆ. ಆದರೆ ಹನ್ನೊಂದು ವರ್ಷ “ನೋಡೋಣ” ಅಂದವನು ಒಂದು ಸಲವಾದರೂ ಪೂರ್ತಿ ಉತ್ತರ ಕೊಡಬೇಕಿತ್ತು. ಹಿಂದಿನ ಬೆಂಚಿನ ಹುಡುಗ, “ಅಲ್ಲಿ ಎರಡು ವರ್ಷ ಗ್ಯಾರಂಟಿನಾ ಸರ್?” ಅಂದ. ಹೌದು ಕಣೋ, ಕಾಗದದಲ್ಲಿ ಬರೆದಿದ್ದಾರೆ ಅಂದೆ. “ಹಾಗಾದ್ರೆ ಹೋಗಿ ಸರ್” ಅಂದ. ಹುಡುಗಿ ಏನೂ ಮಾತಾಡಲಿಲ್ಲ. ಸ್ಪೆಕ್ಟ್ರೋಮೀಟರಿನ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಸರಿ ಮಾಡಿದಳು. ಹೋಗುವಾಗ ನನ್ನ ನಂಬರ್ ಬರೆದುಕೊಂಡು ಹೋದಳು. ಆ ಸಂಜೆ ಸಹಿ ಮಾಡಿದೆ.

ಆಮೇಲಿನದು ಕಾಗದದ ಓಡಾಟ. ಅಂಕಪಟ್ಟಿಗಳ ದೃಢೀಕರಣ, ಪೊಲೀಸ್ ಕ್ಲಿಯರೆನ್ಸ್, ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಶಿಯಲ್ ಹೆಸರಿನ ಹಿಂದೆ, ಡಿಗ್ರಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರಾಗಿ ಪೂರ್ತಿ ಬಿಡಿಸಿದೆ. ಮೂರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಹೊರಡುವವರು ಇದೊಂದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಹದಿನೆಂಟು ದಿನ. ಬೆಂಗಳೂರಿನಿಂದ ಮಾಲೆಗೆ ಎರಡು ಗಂಟೆ. ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಹನಿಮಾಧೂ ಎಂಬ ದ್ವೀಪ. ಅಲ್ಲಿಂದ ದೋಣಿ.

ನಿನ್ನೆ ಭಾನುವಾರ ಅಟ್ಟಕ್ಕೆ ಕಾಯಿ ತುಂಬಿದೆವು. ನಮ್ಮದು ಒಂದೂವರೆ ಎಕರೆ, ಅರವತ್ತು ಮರ. 2023ರಲ್ಲಿ ಕೊಬ್ಬರಿ ಬೆಂಬಲ ಬೆಲೆಗಿಂತ ತುಂಬ ಕೆಳಗೆ ಬಿದ್ದಾಗ ಅಮ್ಮ ಮರ ನೋಡುವುದನ್ನೇ ಬಿಟ್ಟಿದ್ದಳು. 2025ರಲ್ಲಿ ಕ್ವಿಂಟಾಲಿಗೆ 20,000 ದಾಟಿತು, ಆದರೆ ಆ ಹೊತ್ತಿಗೆ ರೋಗ ಬಿದ್ದು ಕಾಯಿ ಕಮ್ಮಿಯಾಗಿತ್ತು. ಇದ್ದಷ್ಟನ್ನು ನಾನು ಕೆಳಗಿನಿಂದ ಎಸೆದೆ, ಮಗಳು ಏಣಿಯ ಮೇಲೆ ನಿಂತು ಹಿಡಿದು ಮೇಲೆ ದಾಟಿಸಿದಳು, ಹೆಂಡತಿ ಅಟ್ಟದಲ್ಲಿ ಕೂತು ಜೋಡಿಸಿದಳು. ಅಮ್ಮ ಪ್ರತಿ ಕಾಯಿಯನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿಯೇ ನನಗೆ ಕೊಡುತ್ತಿದ್ದಳು.

ಕೊನೆಯ ಕಾಯಿಯನ್ನು ಕೊಡದೆ ಕೈಯಲ್ಲೇ ಇಟ್ಟುಕೊಂಡಳು.

“ಇದು ಕೊಬ್ಬರಿ ಆಗೋಕೆ ಹನ್ನೊಂದು ತಿಂಗಳು ಬೇಕು. ಸುಲಿಸೋ ಹೊತ್ತಿಗೆ ನೀನು ಬರ್ತೀಯಾ?”

“ಬರ್ತೀನಮ್ಮ” ಅಂದೆ. “ರಜೆ ಇದೆ.”

ಅವಳು ಇನ್ನೊಂದು ಸಲ ಅದನ್ನು ಅಲ್ಲಾಡಿಸಿ ನೋಡಿದಳು. ಒಳಗೆ ನೀರು ತುಂಬಿತ್ತು. ನನ್ನ ಕೈಗೆ ಕೊಟ್ಟಳು, ನಾನು ಮಗಳಿಗೆ ಎಸೆದೆ.